ಗದ್ದೆಗೆ ಬಿಟ್ಟ ನೀರು ಎಲ್ಲಿಗೆ ಹೋಗುತ್ತದೆ?

ಬೀದರ್ ಜಿಲ್ಲೆಯ ಠಾಣಾ ಕುಶನೂರಿನ ಸುತ್ತಲಿನ ಎರೆಹೊಲಗಳಲ್ಲಿ ಮುಂಗಾರಿಗೆ ಸೋಯಾ, ಉದ್ದು, ಹೆಸರು, ತೊಗರಿ. ಹಿಂಗಾರಿಗೆ ಜೋಳ, ಕಡಲೆ. ಬಾವಿ, ಬೋರು ಇದ್ದವರು ಕಬ್ಬು ಹಚ್ಚುತ್ತಾರೆ. ಭತ್ತ ಈ ಸೀಮೆಯ ಮುಖ್ಯ ಬೆಳೆಯಲ್ಲ. ಅನ್ನದ ಅಕ್ಕಿ ಬಹುಮಟ್ಟಿಗೆ ಪಡಿತರ ಅಂಗಡಿಯಿಂದಲೋ ಭಾಲ್ಕಿ, ಔರಾದಿನ ಬಜಾರದಿಂದಲೋ ಮನೆಗೆ ಬರುತ್ತದೆ. ಹಾಗಿದ್ದೂ ನೀರಿನ ಲೆಕ್ಕ ಕಲಿಯಲು ಬಂದ ಹೊಸಬರಿಗೆ, ಅವರು ಕೃಷಿ ಡಿಪ್ಲೊಮಾ ಓದುವವರಿರಲಿ, ನೀರು ಬಳಕೆದಾರರ ಸಂಘಕ್ಕೆ ಈಗಷ್ಟೇ ಸೇರಿದವರಿರಲಿ, ನಾನು ಮೊದಲು ತೋರಿಸುವುದು ಭತ್ತದ ಗದ್ದೆಯನ್ನೇ. ಸೋಯಾ ಹೊಲದಲ್ಲಿ ನೀರು ಮಣ್ಣಿನೊಳಗೆ ಅಡಗಿರುತ್ತದೆ. ಎಷ್ಟಿದೆ ಎಂದು ತಿಳಿಯಬೇಕಾದರೆ ಮಣ್ಣು ಅಗೆದು, ತೂಗಿ, ಒಣಗಿಸಿ ಮತ್ತೆ ತೂಗಬೇಕು. ಗದ್ದೆಯಲ್ಲಿ ನೀರು ನಾಲ್ಕು ಬದುಗಳ ನಡುವೆ ಕಣ್ಣೆದುರೇ ನಿಂತಿರುತ್ತದೆ. ಗುರುತು ಹಾಕಿದ ಒಂದು ಮರದ ಪಟ್ಟಿ ನೆಟ್ಟರೆ ನಿನ್ನೆ ಎಷ್ಟಿತ್ತು, ಇವತ್ತು ಎಷ್ಟಾಯಿತು ಎಂದು ಯಾರಾದರೂ ಓದಬಹುದು.

ಇನ್ನೊಂದು ಕಾರಣವೂ ಇದೆ. ಬೀದರ್ ಜಿಲ್ಲೆಯ ಹೆಚ್ಚಿನ ಹಳ್ಳಗಳ ನೀರು ಮಾಂಜ್ರಾ ನದಿಗೆ ಸೇರುತ್ತದೆ. ಮಾಂಜ್ರಾ ಗಡಿ ದಾಟಿ ತೆಲಂಗಾಣಕ್ಕೆ ಹೋಗಿ, ಸಿಂಗೂರು ಮತ್ತು ನಿಜಾಮಸಾಗರ ಜಲಾಶಯಗಳಲ್ಲಿ ನಿಂತು, ಕೊನೆಗೆ ಗೋದಾವರಿಯಲ್ಲಿ ಕೂಡುತ್ತದೆ. ನಿಜಾಮಸಾಗರವನ್ನು ಕಟ್ಟಿದ್ದು 1923ರಿಂದ 1931ರ ನಡುವೆ, ನವಾಬ್ ಅಲಿ ನವಾಜ್ ಜಂಗ್ ಅವರ ಇಂಜಿನಿಯರಿಕೆಯಲ್ಲಿ. ಆಗ ಬೀದರ್ ಕೂಡ ಅದೇ ಹೈದರಾಬಾದ್ ಸಂಸ್ಥಾನದ ಜಿಲ್ಲೆ. ಅದರ ಕಾಲುವೆಗಳ ಕೆಳಗೆ ಬಾನ್ಸವಾಡ, ಬೋಧನ್ ಕಡೆ ಇವತ್ತಿಗೂ ಭತ್ತ ಬೆಳೆಯುತ್ತಾರೆ. ನಮ್ಮ ಜಿಲ್ಲೆಯ ಹೊಲಗಳಿಂದ ಹರಿದು ಹೋದ ಮಳೆನೀರಿನ ಒಂದು ಪಾಲು ಅಲ್ಲಿ ಅನ್ನವಾಗುತ್ತದೆ. ಒಬ್ಬರ ಲೆಕ್ಕದಲ್ಲಿ ಖರ್ಚು ಎಂದು ಬರೆದ ನೀರು ಇನ್ನೊಬ್ಬರ ಲೆಕ್ಕದಲ್ಲಿ ಜಮಾ ಆಗಿರುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಅಳತೆ. ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುವುದು ಎಲ್ಲರಿಗೂ ಗೊತ್ತು. ಕೊಟ್ಟ ನೀರನ್ನೂ, ಆವಿಯಾದ ನೀರನ್ನೂ ಅದೇ ಮಿಲಿಮೀಟರಿನಲ್ಲಿ ಹೇಳಲು ರೂಢಿ ಮಾಡಿಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ಸಮನಾಗಿ ಹರಡಿದರೆ ಅದು 4,047 ಲೀಟರ್. ಬೇಸಿಗೆಯಲ್ಲಿ ಊರಿಗೆ ನೀರು ತರುವ ಸಣ್ಣ ಟ್ರ್ಯಾಕ್ಟರ್ ಟ್ಯಾಂಕರು ಹಿಡಿಯುವುದು ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಎಕರೆಗೆ ಒಂದು ಮಿಲಿಮೀಟರ್ ಎಂದರೆ ಒಂದು ಟ್ಯಾಂಕರ್ ಎಂದು ನೆನಪಿಟ್ಟುಕೊಳ್ಳಿ. ಬೀದರ್ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 850 ಮಿ.ಮೀ.; ಅಂದರೆ ಪ್ರತಿ ಎಕರೆಯ ಮೇಲೂ ವರ್ಷಕ್ಕೆ 850 ಟ್ಯಾಂಕರ್ ನೀರು ಮೇಲಿನಿಂದ ಬೀಳುತ್ತದೆ. ಪತ್ರಿಕೆಯಲ್ಲಿ ಓದುವ ಟಿಎಂಸಿಯನ್ನೂ ಹೀಗೆಯೇ ಬಿಡಿಸಬಹುದು. ಒಂದು ಟಿಎಂಸಿ ಸುಮಾರು 2,831 ಕೋಟಿ ಲೀಟರ್. ಅದನ್ನು 1,200 ಮಿ.ಮೀ. ಎತ್ತರಕ್ಕೆ ಹರಡಿದರೆ 5,800 ಎಕರೆ ತುಂಬುತ್ತದೆ, 600 ಮಿ.ಮೀ. ಎತ್ತರಕ್ಕಾದರೆ ಅದರ ಎರಡರಷ್ಟು. ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದ ಸಾಮರ್ಥ್ಯ 7.69 ಟಿಎಂಸಿ. ಅದರ ಕೆಳಗೆ ಯಾವ ಬೆಳೆ ಹಾಕಿದರೆ ಎಷ್ಟು ಎಕರೆಗೆ ನೀರು ಮುಟ್ಟೀತು ಎಂಬ ಚರ್ಚೆಗೆ ಈ ಒಂದು ಭಾಗಾಕಾರವೇ ಬುನಾದಿ.

ಇನ್ನು ಲೆಕ್ಕದ ಸೂತ್ರ. ಅದು ಒಂದೇ ಸಾಲಿನದು: ಗದ್ದೆಗೆ ಬಂದ ನೀರು, ಗದ್ದೆಯಿಂದ ಹೋದ ನೀರು ಮತ್ತು ಗದ್ದೆಯಲ್ಲಿ ಹೆಚ್ಚಾಗಿ ಉಳಿದ ನೀರು ಇವೆರಡರ ಮೊತ್ತಕ್ಕೆ ಸರಿಯಾಗಿರಬೇಕು. ಬರುವ ದಾರಿಗಳು ಎರಡು, ಮಳೆ ಮತ್ತು ನೀರಾವರಿ. ಹೋಗುವ ದಾರಿಗಳು ಮೂರು: ಮೇಲಕ್ಕೆ ಆವಿಯಾಗಿ, ಕೆಳಕ್ಕೆ ಇಂಗಿ, ಪಕ್ಕಕ್ಕೆ ಬಸಿದೋ ಹರಿದೋ. ಹೊಸಬರು ಇಲ್ಲಿ ತಡವರಿಸುವುದು ಸೂತ್ರದ ಕಷ್ಟದಿಂದಲ್ಲ. ಮೂರೂ ದಾರಿಗಳನ್ನು ಸೇರಿಸಿ ‘ಭತ್ತ ಕುಡಿದ ನೀರು’ ಎಂದು ಕರೆಯುವ ಅಭ್ಯಾಸದಿಂದ. ಈ ಮೂರನ್ನು ಬೇರೆ ಬೇರೆ ಬರೆದಿಡುವವರೆಗೆ ನೀರು ಉಳಿಸುವ ಮಾತೇ ಆಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆಂದು ಒಂದೊಂದಾಗಿ ನೋಡೋಣ.

ಮೇಲಕ್ಕೆ ಹೋಗುವ ನೀರಿನಲ್ಲಿ ಎರಡು ಪಾಲು. ನಿಂತ ನೀರಿನ ಮೈಯಿಂದ, ಹಸಿ ಮಣ್ಣಿನಿಂದ ನೇರವಾಗಿ ಆವಿಯಾಗುವುದು ಒಂದು. ಬೇರು ಹೀರಿ ಎಲೆಯ ರಂಧ್ರಗಳ ಮೂಲಕ ಬಿಡುವ ಬಾಷ್ಪವಿಸರ್ಜನೆ ಇನ್ನೊಂದು. ನಾಟಿಯಾದ ಮೊದಲ ವಾರಗಳಲ್ಲಿ ಎಲೆ ಕಡಿಮೆ, ನೀರಿನ ಮೈ ತೆರೆದಿರುತ್ತದೆ. ಆಗ ಮೊದಲನೆಯದೇ ಹೆಚ್ಚು. ತೆಂಡೆ ಒಡೆದು ಎಲೆ ಗದ್ದೆ ಮುಚ್ಚಿದ ಮೇಲೆ ಎರಡನೆಯದು ಮೇಲುಗೈ ಪಡೆಯುತ್ತದೆ. ಕಾಳಿಗೆ ಬೆಲೆ ಕೊಡುವುದು ಈ ಎರಡನೆಯ ಪಾಲು ಮಾತ್ರ, ಏಕೆಂದರೆ ಎಲೆ ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳಲು ರಂಧ್ರ ತೆರೆದಾಗಲೇ ನೀರು ಹೊರಗೆ ಹೋಗುತ್ತದೆ. ಎರಡೂ ಸೇರಿ ಏಷ್ಯಾದ ಗದ್ದೆಗಳಲ್ಲಿ ಮಳೆಗಾಲದಲ್ಲಿ ದಿನಕ್ಕೆ 4ರಿಂದ 5 ಮಿ.ಮೀ., ಬೇಸಿಗೆ ಬೆಳೆಯಲ್ಲಿ 6ರಿಂದ 7 ಮಿ.ಮೀ. ಆಗುತ್ತದೆ. ಎಕರೆಗೆ ದಿನಕ್ಕೆ ಐದು ಟ್ಯಾಂಕರ್ ನೀರು ಸದ್ದಿಲ್ಲದೆ ಆಕಾಶಕ್ಕೆ ಹೋಗುತ್ತದೆ.

ಈ ಅಂಕಿಯನ್ನು ನಿರ್ಧರಿಸುವುದು ಹೆಚ್ಚಾಗಿ ಬಿಸಿಲು, ಗಾಳಿ, ಸೆಕೆ ಮತ್ತು ಗಾಳಿಯಲ್ಲಿರುವ ತೇವ. ಬೆಳೆಯ ಜಾತಿಗೆ ಅಷ್ಟು ದೊಡ್ಡ ಪಾತ್ರವಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಪ್ರತಿ ಬೆಳೆಗೂ ಒಂದು ಗುಣಾಂಕ ಕೊಟ್ಟಿದ್ದಾರೆ. ಚೆನ್ನಾಗಿ ನೀರುಂಡ ಹುಲ್ಲಿನ ಹೊಲ ಒಂದು ದಿನಕ್ಕೆ ಬಿಡುವ ಆವಿಗೆ ಹೋಲಿಸಿದರೆ ಆ ಬೆಳೆ ಎಷ್ಟು ಪಟ್ಟು ಬಿಡುತ್ತದೆ ಎಂದು ಅದು ಹೇಳುತ್ತದೆ. ಬೆಳೆ ತುಂಬಿ ನಿಂತ ಕಾಲಕ್ಕೆ ಭತ್ತದ ಗುಣಾಂಕ 1.20, ಸೋಯಾ 1.15, ಕಬ್ಬು 1.25. ಮೊದಲ ಸಲ ಈ ಮೂರು ಅಂಕಿ ನೋಡಿದವರು ನಂಬುವುದಿಲ್ಲ. ಕೆಸರಿನಲ್ಲಿ ನಿಂತ ಭತ್ತವೂ ಒಣನೆಲದ ಸೋಯಾವೂ, ನೀರಿನ ಕೊರತೆಯಿಲ್ಲದಿದ್ದರೆ, ಒಂದು ದಿನಕ್ಕೆ ಆಕಾಶಕ್ಕೆ ಬಿಡುವ ನೀರು ಹತ್ತಿರ ಹತ್ತಿರ ಒಂದೇ. ವ್ಯತ್ಯಾಸ ಬರುವುದು ಬೆಳೆ ಎಷ್ಟು ದಿನ ಹೊಲದಲ್ಲಿ ನಿಲ್ಲುತ್ತದೆ, ಯಾವ ಕಾಲದಲ್ಲಿ ನಿಲ್ಲುತ್ತದೆ ಎಂಬುದರಿಂದ. ಕಬ್ಬು ವರ್ಷವಿಡೀ ನಿಲ್ಲುತ್ತದೆ, ನಮ್ಮ ಮಾರ್ಚ್, ಏಪ್ರಿಲ್, ಮೇ ತಿಂಗಳ ಬಿಸಿಲನ್ನೂ ದಾಟುತ್ತದೆ. ಅದಕ್ಕೆ 1,500ರಿಂದ 2,500 ಮಿ.ಮೀ. ಬೇಕು ಎನ್ನುವುದು ಇದೇ ಕಾರಣಕ್ಕೆ. ಮುಂಗಾರಿನ ಭತ್ತವನ್ನು ನೀರುಬಾಕ ಎಂದು ಬೈಯುತ್ತ ಬೋರಿನ ನೀರಿನಲ್ಲಿ ಕಬ್ಬು ಬೆಳೆಯುವುದು ನಮ್ಮಲ್ಲಿ ಸಾಮಾನ್ಯವಾಗಿದೆ. ಲೆಕ್ಕದ ಮುಂದೆ ಆ ಮಾತು ನಿಲ್ಲುವುದಿಲ್ಲ.

ಹಾಗಾದರೆ ಭತ್ತಕ್ಕೆ ಅಷ್ಟೊಂದು ನೀರು ಬಿಡುವುದೇಕೆ? ಉತ್ತರ ಎರಡನೆಯ ದಾರಿಯಲ್ಲಿದೆ, ನೆಲದ ಕಡೆಗೆ.

ಭತ್ತಕ್ಕೆ ನಿಂತ ನೀರು ಅನಿವಾರ್ಯವಲ್ಲ; ಅದನ್ನು ಸಹಿಸುವ ಶಕ್ತಿ ಆ ಗಿಡಕ್ಕಿದೆ. ಕಾಂಡದೊಳಗಿನ ಗಾಳಿಕೊಳವೆಗಳಿಂದ ಬೇರಿಗೆ ಆಮ್ಲಜನಕ ಇಳಿಯುತ್ತದೆ, ಹಾಗಾಗಿ ಬೇರೆ ಬೆಳೆ ಉಸಿರುಗಟ್ಟಿ ಸಾಯುವ ಕಡೆ ಭತ್ತ ಬದುಕುತ್ತದೆ. ನೀರು ನಿಂತರೆ ಕಳೆ ಅಡಗುತ್ತದೆ, ರಂಜಕ ಸುಲಭವಾಗಿ ಸಿಗುತ್ತದೆ, ನಾಟಿಗೆ ಮಣ್ಣು ಮೆತ್ತಗಿರುತ್ತದೆ. ರೈತರು ನೀರು ನಿಲ್ಲಿಸುವುದು ಮುಖ್ಯವಾಗಿ ಈ ಅನುಕೂಲಗಳಿಗಾಗಿ. ಆದರೆ ನಿಂತ ನೀರು ದಿನವಿಡೀ, ರಾತ್ರಿಯಿಡೀ ಕೆಳಗೆ ಒತ್ತುತ್ತದೆ, ಇಂಗುತ್ತಲೇ ಇರುತ್ತದೆ. ಅದನ್ನು ತಡೆಯುವುದಕ್ಕೆಂದೇ ನೀರಿನಲ್ಲಿ ಉತ್ತು ಕೆಸರು ಮಾಡುತ್ತಾರೆ. ಗಂಗಾವತಿ, ಸಿಂಧನೂರು ಕಡೆ ದಮ್ಮು ಹೊಡೆಯುವುದು ಎನ್ನುತ್ತಾರೆ. ಸಗಣಿ ಹಾಕಿ ಸಾರಿಸಿದ ಅಂಗಳ ನೀರನ್ನು ಬೇಗ ಒಳಗೆ ಬಿಡದ ಹಾಗೆ, ಕದಡಿದ ಜೇಡಿಕಣ ಕೆಳಗೆ ಕೂತು ಒಂದು ಬಿಗಿ ಪದರವಾಗುತ್ತದೆ. ಒಳ್ಳೆಯ ಎರೆಮಣ್ಣಿನಲ್ಲಿ ಹೀಗೆ ಕೆಸರು ಮಾಡಿದ ಮೇಲೆ ದಿನಕ್ಕೆ 1ರಿಂದ 5 ಮಿ.ಮೀ. ಮಾತ್ರ ಇಂಗುತ್ತದೆ. ಮರಳು ಮಣ್ಣಾದರೆ 25ರಿಂದ 30 ಮಿ.ಮೀ. ಕೂಡ ಇಂಗಬಹುದು. ಆಕಾಶಕ್ಕೆ ಹೋಗುವ ಪಾಲು ಎಲ್ಲ ಮಣ್ಣಿನಲ್ಲೂ ಹೆಚ್ಚುಕಡಿಮೆ ಒಂದೇ ಇದ್ದರೂ ಒಂದು ಗದ್ದೆಗೆ ಇಡೀ ಹಂಗಾಮಿಗೆ 400 ಮಿ.ಮೀ. ಸಾಕಾಗುವುದು, ಇನ್ನೊಂದಕ್ಕೆ 2,000 ದಾಟುವುದು ಈ ಒಂದು ವ್ಯತ್ಯಾಸದಿಂದ.

ಇಂಗಿದ ನೀರು ಮಾಯವಾಗುವುದಿಲ್ಲ ಎಂಬುದಕ್ಕೆ ಬೀದರಿಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ಬೀದರ್ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಪದರದ ಮೇಲೆ, ಅದರ ಕೆಳಗೆ ಗಟ್ಟಿ ಕರಿಗಲ್ಲು. ಜಂಬಿಟ್ಟಿಗೆಯಲ್ಲಿ ಇಳಿದ ಮಳೆನೀರು ಕರಿಗಲ್ಲು ಮುಟ್ಟಿದ ಕಡೆ ಮುಂದೆ ಇಳಿಯಲಾರದೆ ಪಕ್ಕಕ್ಕೆ ಸರಿದು ಝರಿಯಾಗಿ ಹೊರಬೀಳುತ್ತದೆ. ನರಸಿಂಹ ಝರಣಿಯಲ್ಲಿ, ಗುರುನಾನಕ್ ಝೀರಾದಲ್ಲಿ ಸಿಗುವ ನೀರು ಅದೇ. ಬಹಮನಿ ಕಾಲದವರು ಇದನ್ನು ಅರಿತೇ ನೌಬಾದಿನಲ್ಲಿ ನೆಲದೊಳಗೆ ಸುರಂಗ ತೋಡಿ, ಅಲ್ಲಲ್ಲಿ ಗಾಳಿಬಾವಿ ಇಳಿಸಿ ಕರೇಜ್ ಮಾಡಿದರು. ಒಂದು ಕಡೆ ಇಂಗಿದ ನೀರು ಇನ್ನೊಂದು ಕಡೆ, ತಗ್ಗಿನಲ್ಲಿ, ತಡವಾಗಿ ಸಿಗುತ್ತದೆ. ಎಲ್ಲಿ, ಎಷ್ಟು ತಡವಾಗಿ, ಎಂಥ ಗುಣದಲ್ಲಿ ಎಂಬ ಪ್ರಶ್ನೆಗಳಿಗೆ ಊರಿನಿಂದ ಊರಿಗೆ ಉತ್ತರ ಬದಲಾಗುತ್ತದೆ.

ಮೂರನೆಯ ದಾರಿ, ಪಕ್ಕದ್ದು. ಬದುವಿನ ಬಿರುಕಿನಿಂದ, ಏಡಿ ಕೊರೆದ ತೂತಿನಿಂದ ಬಸಿಯುವುದು, ಜೋರು ಮಳೆಗೆ ಬದು ಮೀರಿ ಹರಿಯುವುದು, ಕೊಯ್ಲಿಗೆ ಮುಂಚೆ ಬೇಕೆಂದೇ ಬಿಡುವುದು. ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಬದು ನೋಡಿಕೊಳ್ಳುವ ಕೈ ಇದ್ದರೆ ತಾನೇ ಕಡಿಮೆಯಾಗುತ್ತದೆ.

ಪಟ್ಟಿಯಲ್ಲಿ ಇವತ್ತು ಎಂಟು ಮಿಲಿಮೀಟರ್ ಇಳಿದಿದೆ ಎನ್ನಿ. ಅದರಲ್ಲಿ ಎಷ್ಟು ಮೇಲಕ್ಕೆ ಹೋಯಿತು, ಎಷ್ಟು ಕೆಳಕ್ಕೆ ಎಂದು ಬಿಡಿಸುವುದು ಹೇಗೆ? ಎನ್.ಜಿ. ದಸ್ತಾನೆ ಎಂಬ ಭಾರತೀಯ ವಿಜ್ಞಾನಿ ಇದಕ್ಕೊಂದು ಸುಲಭ ಉಪಾಯ ಬಳಸಿ, 1970ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಾಗಿ ಬರೆದ ಪುಸ್ತಕದಲ್ಲಿ ವಿವರಿಸಿದ್ದಾರೆ. ಎರಡು ಹಳೆಯ ಎಣ್ಣೆ ಡ್ರಮ್ಮು ಸಾಕು. ಒಂದರ ತಳ ಹಾಗೇ ಇರಲಿ, ಇನ್ನೊಂದರ ತಳ ಕತ್ತರಿಸಿ ತೆಗೆಯಿರಿ. ಎರಡನ್ನೂ ಗದ್ದೆಯ ನಡುವೆ ಮುಕ್ಕಾಲು ಭಾಗ ಹೂತು, ಒಳಗೆ ಅದೇ ಮಣ್ಣು ತುಂಬಿ, ಅದೇ ಸಸಿ ಅದೇ ಅಂತರದಲ್ಲಿ ನೆಟ್ಟು, ಹೊರಗಿನಷ್ಟೇ ಎತ್ತರಕ್ಕೆ ನೀರು ನಿಲ್ಲಿಸಿ. ತಳವಿರುವ ಡ್ರಮ್ಮಿನಿಂದ ನೀರು ಮೇಲಕ್ಕೆ ಮಾತ್ರ ಹೋಗಬಲ್ಲದು. ತಳವಿಲ್ಲದ್ದರಿಂದ ಮೇಲಕ್ಕೂ ಕೆಳಕ್ಕೂ ಹೋಗುತ್ತದೆ. ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಎರಡರಲ್ಲೂ ಎಷ್ಟು ಇಳಿದಿದೆ ಎಂದು ಅಳೆದು ಬರೆದರೆ, ಮೊದಲನೆಯದು ಆಕಾಶದ ಪಾಲು, ಎರಡರ ವ್ಯತ್ಯಾಸ ನೆಲದ ಪಾಲು. ಕಾಲೇಜಿನ ಪ್ರಯೋಗಾಲಯವಿಲ್ಲದೆ ಮಾಡಬಹುದಾದ ಇಷ್ಟು ಸ್ಪಷ್ಟವಾದ ಪ್ರಯೋಗ ಕೃಷಿಯಲ್ಲಿ ಬೇರೆ ನನಗೆ ಕಾಣದು. ಪ್ರತಿ ನೀರು ಬಳಕೆದಾರರ ಸಂಘವೂ ಒಂದು ಹಂಗಾಮಿನಲ್ಲಾದರೂ ಇದನ್ನು ಮಾಡಿ ನೋಡಬೇಕು.

ಈಗ ಒಂದು ಪೂರ್ತಿ ಲೆಕ್ಕ ಹಾಕೋಣ. ಸಿಂಧನೂರು ಕಡೆಯ ಎರೆಮಣ್ಣಿನ ಒಂದು ಎಕರೆ, ಮುಂಗಾರಿನ ಸೋನಾ ಮಸೂರಿ ಎಂದು ಇಟ್ಟುಕೊಳ್ಳಿ. ಅಂಕಿಗಳು ಕಲಿಕೆಗೆಂದು ನಾನು ಆರಿಸಿದವು, ಆದರೆ ಅಲ್ಲಿನ ನೆಲಕ್ಕೆ ಹೊಂದುವಂಥವು. ಕೆಸರು ಮಾಡಿದಾಗಿನಿಂದ ಕೊಯ್ಲಿನವರೆಗೆ ಮಳೆ 450 ಮಿ.ಮೀ., ಕಾಲುವೆಯಿಂದ 800. ಒಟ್ಟು ಬಂದದ್ದು 1,250. ಆಕಾಶಕ್ಕೆ ಹೋದದ್ದು 600, ಇಂಗಿದ್ದು 400, ಹರಿದು ಹಳ್ಳ ಸೇರಿದ್ದು 150, ಕೊಯ್ಲಿನ ಹೊತ್ತಿಗೆ ಮಣ್ಣಿನಲ್ಲಿ ಹೆಚ್ಚಾಗಿ ಉಳಿದದ್ದು 100. ಕೂಡಿಸಿ ನೋಡಿ, 1,250ಕ್ಕೆ ಸರಿಹೋಗುತ್ತದೆ. ಇಳುವರಿ ಎಕರೆಗೆ 25 ಕ್ವಿಂಟಲ್ ಭತ್ತ.

ಒಂದು ಕಿಲೋ ಭತ್ತಕ್ಕೆ ಎಷ್ಟು ಲೀಟರ್? ಒಟ್ಟು ಬಂದ ನೀರನ್ನು ಭಾಗಿಸಿದರೆ 2,000 ಲೀಟರಿನ ಮೇಲೆ. ಆಕಾಶಕ್ಕೆ ಹೋದದ್ದನ್ನು ಮಾತ್ರ ಭಾಗಿಸಿದರೆ 970ರ ಸುಮಾರು. ಗದ್ದೆ ಒಂದೇ, ಬೆಳೆ ಒಂದೇ, ಉತ್ತರ ಎರಡು. ಕಿಲೋ ಭತ್ತಕ್ಕೆ 2,500 ಲೀಟರ್ ಎಂದು ಎಲ್ಲೆಡೆ ಕೇಳಿಬರುವ ಮಾತು ಮೊದಲ ಬಗೆಯದು. ಫಿಲಿಪೀನ್ಸಿನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಆ ಸರಾಸರಿಯ ಜೊತೆಗೇ 800ರಿಂದ 5,000ದವರೆಗಿನ ವ್ಯಾಪ್ತಿಯನ್ನೂ ಹೇಳುತ್ತದೆ. ಸರಾಸರಿ ಮಾತ್ರ ಭಾಷಣಗಳಲ್ಲಿ ಉಳಿದು ವ್ಯಾಪ್ತಿ ಬಿಟ್ಟುಹೋಗುತ್ತದೆ, ಅದು ನನಗೆ ಬಹಳ ಬೇಸರದ ಸಂಗತಿ. ಆಕಾಶಕ್ಕೆ ಹೋದ 600 ಮಿ.ಮೀ. ಈ ಸೀಮೆಗೆ ಮರಳುವುದಿಲ್ಲ. ಉಳಿದ 650 ಈ ಭೂಮಿಯ ಮೇಲೆ, ಒಳಗೆ ಎಲ್ಲೋ ಇದೆ.

ಎಲ್ಲೋ ಇರುವುದು ಒಳ್ಳೆಯದೇ ಎಂದು ತಕ್ಷಣ ಸಮಾಧಾನಪಡಬೇಡಿ. ಸಿಂಧನೂರಿಗೆ ನೀರುಣಿಸುವ ತುಂಗಭದ್ರಾ ಎಡದಂಡೆಯ ಕಥೆ ಕೇಳಿ. ಅಣೆಕಟ್ಟು 1953ರಲ್ಲಿ ನೀರು ಕೊಟ್ಟಿತು. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯ ಕೆಳಗೆ ಸುಮಾರು 6 ಲಕ್ಷ ಎಕರೆ. ಬರಗಾಲದ ಸೀಮೆಗೆ ನೀರನ್ನು ತೆಳ್ಳಗೆ, ಹೆಚ್ಚು ಜನಕ್ಕೆ ಹಂಚಬೇಕೆಂದು ಯಾವ ಹೊಲಕ್ಕೆ ಯಾವ ಬೆಳೆ ಎಂದು ಮೊದಲೇ ಗೊತ್ತು ಮಾಡಿದ್ದರು; ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ, ಭತ್ತಕ್ಕೆ ಸಣ್ಣ ಪಾಲು. ಆಮೇಲೆ ಆಂಧ್ರದ ಕರಾವಳಿಯಿಂದ ಭತ್ತ ಬಲ್ಲ ರೈತರು ಬಂದು ಕ್ಯಾಂಪು ಹಾಕಿ ನೆಲೆಸಿದರು, ಸ್ಥಳೀಯರೂ ಅವರಿಂದ ಕಲಿತರು, ಬೆಲೆ ಸಿಕ್ಕಿತು. ಕಾಲುವೆಯ ಮೇಲ್ಭಾಗ ಭತ್ತವಾಯಿತು. ಅಲ್ಲಿ ಇಂಗಿದ ನೀರಿಗೆ ಹೋಗಲು ದಾರಿ ಸಾಲದೆ ಅಂತರ್ಜಲ ವರ್ಷ ವರ್ಷವೂ ಮೇಲೇರಿತು. ಅಂತರ್ಜಲ ಬೇರಿನ ಹತ್ತಿರಕ್ಕೆ ಬಂದರೆ ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ನೀರು ಮೇಲಕ್ಕೆ ಏರಿ ಆವಿಯಾಗುತ್ತದೆ, ಅದರಲ್ಲಿದ್ದ ಉಪ್ಪು ಮಾತ್ರ ಮೇಲೆ ಉಳಿಯುತ್ತದೆ. ಇದೇ ನಮ್ಮ ಉತ್ತರ ಕರ್ನಾಟಕದ ರೈತರು ಹೆದರುವ ಸವಳು-ಜವಳು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹೀಗೆ ಕೆಟ್ಟ ನೆಲ ಒಂದು ಲಕ್ಷ ಹೆಕ್ಟೇರಿನ ಸಮೀಪ ಎಂಬುದು ಅಂದಾಜು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಗಳು ನೆಲದೊಳಗೆ ಬಸಿಕೊಳವೆ ಹಾಕಿ ಈ ಉಪ್ಪನ್ನು ತೊಳೆಯುವ ಕೆಲಸವನ್ನು ವರ್ಷಗಳಿಂದ ಮಾಡುತ್ತಿದ್ದಾರೆ. ಇತ್ತ ಮೇಲ್ಭಾಗ ಮುಳುಗುವಾಗ ಅತ್ತ ರಾಯಚೂರು, ಮಾನ್ವಿ ಕಡೆಯ ಕೊನೆಭಾಗದ ಹೊಲಗಳಿಗೆ ಕಾಲುವೆಯ ನೀರೇ ಮುಟ್ಟುವುದಿಲ್ಲ. ಅಲ್ಲಿ ಎಷ್ಟೋ ರೈತರು ಹಳ್ಳಕ್ಕೆ ಬಂದ ಬಸಿನೀರಿಗೆ ಪಂಪು ಹಚ್ಚಿ ಬೆಳೆ ಉಳಿಸಿಕೊಳ್ಳುತ್ತಾರೆ.

ಹಾಗಾಗಿ ತುಂಗಭದ್ರಾ ಕಾಲುವೆಯ ಮೇಲ್ಭಾಗದಲ್ಲಿ ಇಂಗುವ 400 ಮಿ.ಮೀ.ಯನ್ನು ಕಡಿಮೆ ಮಾಡುವುದು ನಿಜವಾದ ಉಳಿತಾಯ. ಕಾಲುವೆಯಲ್ಲೇ ಉಳಿದ ನೀರು ಕೊನೆಭಾಗಕ್ಕೆ ಹೋಗುತ್ತದೆ, ಮೇಲ್ಭಾಗದ ನೆಲವೂ ಉಳಿಯುತ್ತದೆ. ಅದಕ್ಕೆ ದಾರಿಗಳಿವೆ. ಒಂದು, ಕೂರಿಗೆ ಭತ್ತ: ದಮ್ಮು ಹೊಡೆಯದೆ, ಸಸಿ ಮಡಿ ಮಾಡದೆ, ಒಣ ಮಣ್ಣಿಗೆ ನೇರ ಬಿತ್ತನೆ. ರಾಯಚೂರು ಕೃಷಿ ವಿಶ್ವವಿದ್ಯಾಲಯ ಇದನ್ನು ಅಚ್ಚುಕಟ್ಟಿನಲ್ಲಿ ಹರಡಿದೆ. ಕಾಲುವೆಗೆ ನೀರು ತಡವಾದ ವರ್ಷ ರೈತರು ತಾವಾಗಿಯೇ ಇದಕ್ಕೆ ತಿರುಗುತ್ತಾರೆ. ಕೆಸರಿಗೆ ಬೇಕಾದ ನೂರೈವತ್ತು ಇನ್ನೂರು ಮಿಲಿಮೀಟರ್ ಉಳಿಯುತ್ತದೆ, ಕಳೆಯ ಕಾಟ ಮಾತ್ರ ಹೆಚ್ಚು. ಎರಡು, ತೋಯಿಸಿ ಆರಿಸುವ ಪದ್ಧತಿ. ಒಂದು ಅಡಿ ಉದ್ದದ, ಸುತ್ತಲೂ ತೂತು ಕೊರೆದ ಪ್ಲಾಸ್ಟಿಕ್ ಕೊಳವೆಯನ್ನು ಅರ್ಧ ಹೂತು, ಒಳಗಿನ ಮಣ್ಣು ತೆಗೆದುಬಿಡಬೇಕು. ಕೊಳವೆಯೊಳಗೆ ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿಯುವವರೆಗೆ ಕಾಯ್ದು, ಆಮೇಲೆ 5 ಸೆಂ.ಮೀ. ನಿಲ್ಲುವಷ್ಟು ಬಿಡಬೇಕು. ನಾಟಿಯಾದ ಮೊದಲೆರಡು ವಾರ ಕಳೆ ಅಡಗಿಸಲು, ಮತ್ತೆ ಹೂ ಬಿಡುವ ಹೊತ್ತಿನಲ್ಲಿ ಕಾಳು ಜೊಳ್ಳಾಗದಂತೆ, ನೀರು ನಿಲ್ಲಿಸಿಯೇ ಇರಬೇಕು. ಗದ್ದೆ ಆಗಾಗ ಗಾಳಿ ಕಂಡರೆ ಕೊಳೆತದಿಂದ ಹುಟ್ಟುವ ಮೀಥೇನ್ ಅನಿಲವೂ ಇಳಿಯುತ್ತದೆ. ಎರೆಮಣ್ಣಿನವರಿಗೆ ಒಂದು ಎಚ್ಚರಿಕೆ: ಅತಿಯಾಗಿ ಆರಲು ಬಿಟ್ಟರೆ ನೆಲ ಬಾಯಿ ಬಿಡುತ್ತದೆ, ಕೆಸರಿನ ಬಿಗಿ ಪದರ ಸೀಳುತ್ತದೆ, ಮುಂದಿನ ನೀರು ಆ ಬಿರುಕುಗಳಲ್ಲಿ ನೇರ ಪಾತಾಳಕ್ಕಿಳಿಯುತ್ತದೆ. 15 ಸೆಂಟಿಮೀಟರಿನ ಗೆರೆ ದಾಟಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಇದೇ ಕೊಳವೆಯನ್ನು ತಂದು ಠಾಣಾ ಕುಶನೂರಿನ ಬೋರಿನ ಕೆಳಗೆ ನೆಟ್ಟರೆ ಲೆಕ್ಕ ಬೇರೆಯೇ ಆಗುತ್ತದೆ. ಇಲ್ಲಿ ಇಂಗಿದ ನೀರಿನ ಒಂದು ಭಾಗ ಅದೇ ಬಾವಿಗೆ, ನೆರೆಯ ಬಾವಿಗೆ ಮರಳುತ್ತದೆ. ಕೇಂದ್ರದ ಅಂತರ್ಜಲ ಅಂದಾಜು ಸಮಿತಿ 1997ರಲ್ಲಿ ಕೊಟ್ಟ ಪ್ರಮಾಣದಂತೆ, ಅಂತರ್ಜಲ 10 ಮೀಟರಿನೊಳಗಿದ್ದರೆ ಬಾವಿನೀರು ಉಣ್ಣಿಸಿದ ಭತ್ತದ ಗದ್ದೆಯಿಂದ ಶೇ. 45ರಷ್ಟು ನೀರು ಮರಳುತ್ತದೆ, ಬೇರೆ ಬೆಳೆಗಳಿಂದ ಶೇ. 25ರಷ್ಟು. ಅಂತರ್ಜಲ 25 ಮೀಟರಿಗಿಂತ ಕೆಳಗೆ ಹೋಗಿದ್ದರೆ ಅದು ಶೇ. 20 ಮತ್ತು ಶೇ. 5ಕ್ಕೆ ಇಳಿಯುತ್ತದೆ. ಇಂಗುವಿಕೆ ಕಡಿಮೆ ಮಾಡಿದರೆ ಕರೆಂಟು ಉಳಿಯುತ್ತದೆ, ಮೋಟಾರು ಉಳಿಯುತ್ತದೆ, ಗೊಬ್ಬರ ಕೊಚ್ಚಿಹೋಗುವುದು ತಪ್ಪುತ್ತದೆ. ಆದರೆ ಬಾವಿಯ ಮಟ್ಟ ನಾವು ಎಣಿಸಿದಷ್ಟು ಏರುವುದಿಲ್ಲ. ಬಾವಿಯಿಂದ ಶಾಶ್ವತವಾಗಿ ಕಳೆದುಹೋಗುವುದು ಆಕಾಶದ ಪಾಲು. ಹನಿ ನೀರಾವರಿ ಹಾಕಿ, ಉಳಿದ ನೀರಿನಿಂದ ಇನ್ನೊಂದು ಎಕರೆ ಕಬ್ಬು ಹಚ್ಚಿದವರ ಬಾವಿ ಮೊದಲಿಗಿಂತ ಬೇಗ ಬತ್ತುವುದು ಈ ಕಾರಣದಿಂದ. ಕಬ್ಬಿನ ಎಕರೆ ಎರಡಾದಾಗ ಆಕಾಶದ ಪಾಲೂ ಎರಡರ ಹತ್ತಿರ ಹೋಗುತ್ತದೆ, ಮರಳುತ್ತಿದ್ದ ನೀರು ನಿಂತುಹೋಗುತ್ತದೆ.

ನಮ್ಮ ಕರಿಗಲ್ಲಿನ ನೆಲದ ಇನ್ನೊಂದು ಸ್ವಭಾವವನ್ನೂ ತಿಳಿದಿರಬೇಕು. ಇದರಲ್ಲಿ ನೀರು ಹಿಡಿಯುವ ಜಾಗ ಬಹಳ ಕಡಿಮೆ, ಕಲ್ಲಿನ ಬಿರುಕು ಮತ್ತು ಕೊಳೆತ ಪದರಗಳಲ್ಲಿ ಮಾತ್ರ, ಲೆಕ್ಕಕ್ಕೆ ಶೇ. 2 ಎಂದು ಹಿಡಿಯುತ್ತಾರೆ. 100 ಮಿ.ಮೀ. ನೀರು ಕೆಳಗೆ ಸೇರಿದರೆ ಬಾವಿಯಲ್ಲಿ 5 ಮೀಟರ್ ಏರುತ್ತದೆ, ಅಷ್ಟೇ ಎತ್ತಿದರೆ 5 ಮೀಟರ್ ಇಳಿಯುತ್ತದೆ. ಒಂದು ಒಳ್ಳೆಯ ಮಳೆಗೆ ಬಾವಿ ತುಂಬಿ ಸಂಕ್ರಾಂತಿ ದಾಟುವುದರೊಳಗೆ ತಳ ಕಾಣುವುದು ಇದರಿಂದಲೇ. ಮಳೆಯಲ್ಲಿ ಎಷ್ಟು ಅಂತರ್ಜಲ ಸೇರುತ್ತದೆ? ಕೊಳೆತ ಕರಿಗಲ್ಲಿಗೆ ಅದೇ ಸಮಿತಿ ಹಿಡಿದ ಅಂದಾಜು ಮಳೆಯ ಶೇ. 7. ನಮ್ಮ 850 ಮಿ.ಮೀ.ಗೆ ಅದು 60 ಮಿ.ಮೀ., ಎಕರೆಗೆ ಅರವತ್ತು ಟ್ಯಾಂಕರ್. ಬೇಸಿಗೆ ಭತ್ತ ದಿನಕ್ಕೆ ಆರೇಳು ಮಿಲಿಮೀಟರಿನಂತೆ ನೂರು ಚಿಲ್ಲರೆ ದಿನದಲ್ಲಿ 700 ಮಿ.ಮೀ. ಆಕಾಶಕ್ಕೆ ಬಿಡುತ್ತದೆ. ಒಂದು ಎಕರೆ ಬೇಸಿಗೆ ಭತ್ತದ ಹಿಂದೆ ಸುಮಾರು ಹನ್ನೆರಡು ಎಕರೆಯ ವರ್ಷದ ಇಂಗುನೀರು ಇರಬೇಕು. ಕಬ್ಬು ಮಳೆಯಿಂದ 600 ಮಿ.ಮೀ. ಪಡೆದು ಉಳಿದ ಸಾವಿರವನ್ನು ಬೋರಿನಿಂದ ಕೇಳುತ್ತದೆ ಎಂದು ಹಿಡಿದರೆ ಹದಿನಾರು ಹದಿನೇಳು ಎಕರೆ ಬೇಕು. ಆ ಹದಿನಾರು ಎಕರೆಯವರು ಯಾರು, ಅವರಿಗೂ ಬೋರು ಇದೆಯೇ ಎಂದು ಬೋರು ಕೊರೆಸುವ ಮುಂಚೆ ಕೇಳಿಕೊಳ್ಳುವುದು ನ್ಯಾಯ.

ಇಲ್ಲಿಯವರಿಗೆ ಆದ್ದರಿಂದ ನನ್ನ ಸಲಹೆ ಆಕಾಶದ ಪಾಲಿನ ಮೇಲೆ ಕಣ್ಣಿಡಿ ಎಂಬುದು: ಕಡಿಮೆ ದಿನದ ಬೆಳೆ, ಮಳೆಗಾಲಕ್ಕೆ ಹೊಂದುವ ಬಿತ್ತನೆ, ಬೇಸಿಗೆಯಲ್ಲಿ ಹಸಿರು ಎಕರೆ ಕಡಿಮೆ, ಕಬ್ಬಿನ ಸಾಲಿಗೆ ರವದಿ ಮುಚ್ಚುವುದು. ಗಾಳಿಗೆ, ಬಿಸಿಲಿಗೆ ತೆರೆದ ಹಸಿಮಣ್ಣಿನಿಂದ ಹೋಗುವ ನೀರು ಯಾವ ಕಾಳನ್ನೂ ತುಂಬುವುದಿಲ್ಲ.

ಲೆಕ್ಕ ಶುರು ಮಾಡಲು ದೊಡ್ಡ ಉಪಕರಣ ಬೇಡ. ಮಳೆಯ ಅಂಕಿ ಗ್ರಾಮ ಪಂಚಾಯಿತಿಯ ಮಳೆಮಾಪಕದಿಂದ ಸಿಗುತ್ತದೆ. ಹೊಲದಲ್ಲೇ ನೇರ ಗೋಡೆಯ ಡಬ್ಬಿ ಬಯಲಿನಲ್ಲಿಟ್ಟು ಅಳೆದರೆ ಇನ್ನೂ ಒಳ್ಳೆಯದು, ನಮ್ಮ ಕಡೆ ಮಳೆ ಒಂದು ಹೊಲಕ್ಕೆ ಬಿದ್ದು ಪಕ್ಕದ ಹೊಲ ಬಿಡುತ್ತದೆ. ಬೋರಿನ ನೀರಿಗೆ 200 ಲೀಟರಿನ ಡ್ರಮ್ಮು ಹಿಡಿದು ಮೊಬೈಲಿನಲ್ಲಿ ಸೆಕೆಂಡು ಎಣಿಸಿ. 80 ಸೆಕೆಂಡಿಗೆ ತುಂಬಿದರೆ ಗಂಟೆಗೆ 9,000 ಲೀಟರ್, ಏಳು ಗಂಟೆ ತ್ರೀ-ಫೇಸ್ ಕರೆಂಟಿಗೆ 63,000 ಲೀಟರ್, ಅಂದರೆ ಒಂದು ಎಕರೆಗೆ ಸುಮಾರು 15.5 ಮಿ.ಮೀ. ಮುಂಗಾರಿನ ಭತ್ತಕ್ಕೆ ಮೇಲಕ್ಕೆ 5, ಕೆಳಕ್ಕೆ 3 ಎಂದು ಹಿಡಿದರೆ ಮಳೆಯಿಲ್ಲದ ದಿನಗಳಲ್ಲಿ ಆ ಬೋರು ಎರಡು ಎಕರೆಗಿಂತ ತುಸು ಕಡಿಮೆ ಹೊಲವನ್ನು ಸಾಕುತ್ತದೆ, ಬೇಸಿಗೆಯಲ್ಲಿ ಒಂದೂವರೆ. ಡ್ರಮ್ಮಿನ ಪರೀಕ್ಷೆಯನ್ನು ದೀಪಾವಳಿಗೆ ಒಮ್ಮೆ, ಯುಗಾದಿಗೆ ಒಮ್ಮೆ ಮಾಡಿ, ಸೆಕೆಂಡುಗಳನ್ನು ದಿನಾಂಕದೊಂದಿಗೆ ಒಂದೇ ವಹಿಯಲ್ಲಿ ಬರೆಯಿರಿ. ಜೊತೆಗೆ ಬಾವಿಯ ಕಟ್ಟೆಯಿಂದ ನೀರಿನ ಮೈವರೆಗಿನ ಆಳವನ್ನು ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ಪ್ರತಿ ಅಮಾವಾಸ್ಯೆಗೆ, ಪಂಪು ಹಚ್ಚುವ ಮುಂಚೆ ಅಳೆಯಿರಿ. ಮೂರು ವರ್ಷದ ಅಂಕಿ ಕೂಡಿದಾಗ ಮುಂದಿನ ಹಂಗಾಮಿಗೆ ಎಷ್ಟು ಎಕರೆ ಹಚ್ಚಬೇಕೆಂದು ಆ ವಹಿಯನ್ನೇ ಕೇಳಬಹುದು.